‘ಆಯ್ತು’ ಎಂಬ ಕಥೆ: ಮುಳುಗಡೆಯ ಊರಿನ ಋಣವನ್ನು ಬರೆಯುವುದು ಹೇಗೆ?

ಹೊಳೆದಂಡೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳಿಂದ ತಿದ್ದುತ್ತಲೇ ಇರುವ ಒಂದು ಕಥೆಯನ್ನು ಇಲ್ಲಿ ಹಾಕುತ್ತಿದ್ದೇನೆ. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿಗೆ ಊರು ಕೊಟ್ಟವರು ಬಂದು ನೆಲೆಸಿದ ಒಂದು ಸಣ್ಣ ಪೇಟೆಯ ಕಥೆ ಇದು. ಪೇಟೆಗೆ ಹೆಸರಿಟ್ಟಿಲ್ಲ; ಆನಂದಪುರ, ರಿಪ್ಪನ್‌ಪೇಟೆಗಳ ಕಡೆಯವರು ಗುರುತು ಹಿಡಿಯಬಹುದು. ಕಳೆದುಕೊಂಡದ್ದನ್ನು ಬರೆಯುವುದು ನನಗೆ ಅಷ್ಟು ಕಷ್ಟವಾಗಲಿಲ್ಲ. ತಪ್ಪು ಮಾಡಿದವನು ಆ ತಪ್ಪಿನಿಂದ ಬಿಡುಗಡೆ ಪಡೆಯುವ ಕೊನೆಯನ್ನು ಬರೆಯುವಾಗ ಮಾತ್ರ ಪ್ರತಿ ಸಲವೂ ಕೈ ತಡೆಯಿತು. ದಾಕ್ಷಿಣ್ಯವಿಲ್ಲದೆ ಓದಿ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

ಕಥೆ ಹೀಗಿದೆ.

ಬಸ್‌ಸ್ಟ್ಯಾಂಡಿನ ಎದುರಿಗಿರುವ ರಾಯರ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕಕ್ಕೆ ಒಂದು ಕೊಳಗವಿತ್ತು. ಮರದ್ದು, ಬಾಯಿಯ ಸುತ್ತ ಹಿತ್ತಾಳೆಯ ಪಟ್ಟಿ, ಅದರ ಒಂದು ಮೊಳೆ ಕಿತ್ತುಹೋಗಿ ಪಟ್ಟಿಯ ತುದಿ ಉಗುರಿನಂತೆ ಎದ್ದು ನಿಂತಿತ್ತು. ಕೊಳಗದಲ್ಲಿ ಭತ್ತ ಅಳೆಯುವ ಕಾಲ ಮುಗಿದು ಎಷ್ಟೋ ವರ್ಷಗಳಾಗಿದ್ದರಿಂದ ಅದರೊಳಗೆ ಬೆಂಕಿಪೊಟ್ಟಣ, ಹುರಿಯ ಉಂಡೆ, ಯಾರೋ ಬಿಟ್ಟುಹೋದ ಕನ್ನಡಕ ಇರುತ್ತಿದ್ದವು. ತಳಕ್ಕೆ ಹಾಸಿದ್ದ ರಟ್ಟನ್ನು ಮಾತ್ರ ರಾಯರು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಅಂಗಡಿ ಗುಡಿಸುವ ಹುಡುಗ ಒಮ್ಮೆ ಕೊಳಗವನ್ನು ಬೋರಲು ಹಾಕಲು ಹೋದಾಗ ಅವರು ಕೂಗಿದ ಕೂಗಿಗೆ ಎದುರಿನ ಹೋಟೆಲಿನವರೂ ತಿರುಗಿ ನೋಡಿದ್ದರು.

1963ರಲ್ಲಿ ರಾಯರಿಗೆ ಹತ್ತೊಂಬತ್ತು ವರ್ಷ. ಶರಾವತಿಯ ದಂಡೆಯ ಆ ಊರಿನಲ್ಲಿ ಅವರದು ಶಾನುಭೋಗರ ಮನೆ. ಅಣೆಕಟ್ಟೆ ಏಳುತ್ತಿದೆ, ಊರು ಬಿಡಬೇಕು ಎಂಬ ಸುದ್ದಿ ಬಂದ ಮೇಲೆ, ಓದುಬರಹ ಬಲ್ಲ ಆ ಹುಡುಗನ ಜಗಲಿಯಲ್ಲಿ ದಿನವೂ ಹತ್ತು ಜನ ಕೂರತೊಡಗಿದರು. ಪರಿಹಾರಕ್ಕೊಂದು ಅರ್ಜಿ, ಬದಲಿ ಭೂಮಿಗೊಂದು ಅರ್ಜಿ, ತೋಟದ ಮರಗಳ ಲೆಕ್ಕಕ್ಕೊಂದು ಅರ್ಜಿ. ಗೇಣಿಗೆ ಗದ್ದೆ ಮಾಡುತ್ತಿದ್ದ ತಿಮ್ಮಣ್ಣ ಬಂದದ್ದು ಎಲ್ಲರೂ ಹೋದ ಮೇಲೆ, ಕತ್ತಲಾಗುವ ಹೊತ್ತಿಗೆ. ಪಂಚೆಯ ತುದಿ ಬಿಚ್ಚಿ, ಎಣ್ಣೆ ಹೀರಿ ಹಳದಿಯಾಗಿದ್ದ ಒಂದು ಗೇಣಿ ಚೀಟಿಯನ್ನು ತೆಗೆದುಕೊಟ್ಟ.

“ಇರೋದು ಇದೊಂದೇ ಚೀಟಿ, ಚಿಕ್ಕಯ್ಯ. ಜೋಪಾನ.”

ಹುಡುಗ ಅರ್ಜಿ ಬರೆದ. ಚೀಟಿಯನ್ನೂ ಅರ್ಜಿಯನ್ನೂ ಮಡಚಿ, ಇಲಿ ಕಡಿಯದಿರಲೆಂದು ಕೊಳಗದಲ್ಲಿಟ್ಟ. ಮರುವಾರ ಸಾಗರಕ್ಕೆ ಹೋದ ದಿನ ಕಚೇರಿಯ ಬಾಗಿಲು ಹಾಕಿತ್ತು. ಅದರಾಚೆಯ ವಾರ ಅಕ್ಕನ ಮದುವೆ. ಆಮೇಲೆ ಮಳೆ ಹಿಡಿಯಿತು. ವಾಯಿದೆ ಕಳೆದುಹೋದ ಮೇಲೆ ಒಂದು ಬೆಳಿಗ್ಗೆ ಹೊಳೆ ದಾಟುವ ದೋಣಿಯಲ್ಲಿ ತಿಮ್ಮಣ್ಣ ಎದುರಾದ.

“ಅರ್ಜಿ ಕೊಟ್ಟಾಯ್ತಾ, ಚಿಕ್ಕಯ್ಯ?”

“ಆಯ್ತು.”

ಮರುವರ್ಷ ನೀರು ಬಂತು. ಹೊಳೆ ಉಕ್ಕಿ ಬರುವಂತೆ ಬರಲಿಲ್ಲ. ಗದ್ದೆಯ ಅಂಚಿಗೆ ಬಂದು ನಿಂತು, ಮರುದಿನ ಇನ್ನೊಂದು ಅಂಚಿಗೆ ಏರಿ, ಮನೆಗೆ ಬರುವ ನೆಂಟನಂತೆ ನಿಧಾನವಾಗಿ ಅಂಗಳಕ್ಕೆ ಬಂತು. ಜನ ಬಾಗಿಲು, ಕಂಬ, ಹೆಂಚುಗಳನ್ನು ಕಿತ್ತು ಲಾರಿಗೆ ಹೇರಿದರು. ರಾಯರ ಮನೆಯವರಿಗೆ ಪರಿಹಾರ ಬಂತು, ಪೇಟೆಯಲ್ಲಿ ಅಂಗಡಿಯಾಯಿತು. ತಿಮ್ಮಣ್ಣನ ಸಂಸಾರವನ್ನು ಪೇಟೆಯಿಂದಾಚೆಯ ಕಾಡಿನಲ್ಲಿ ಇಳಿಸಿ, ಇಲ್ಲೇ ಇರಿ, ಕಾಗದ ಆಮೇಲೆ ಬರುತ್ತದೆ ಎಂದರು. ಅವನು ಪ್ರತಿ ಸಂತೆಯ ದಿನವೂ ರಾಯರ ಅಂಗಡಿಗೆ ಬಂದು ಉಪ್ಪು, ಹೊಗೆಸೊಪ್ಪು ಕೊಂಡು, ಹೋಗುವಾಗ ಒಂದು ಮಾತು ಹೇಳುತ್ತಿದ್ದ: “ನಮ್ಮ ಕಾಗ್ದ ಇನ್ನೂ ಬರಲಿಲ್ಲ, ಚಿಕ್ಕಯ್ಯ. ಸರ್ಕಾರದ ಕೆಲ್ಸ, ನಿಧಾನ. ನೀವು ಬೇಜಾರು ಮಾಡ್ಕಬ್ಯಾಡಿ.” ಹಾಗೆ ರಾಯರನ್ನೇ ಸಮಾಧಾನ ಮಾಡುತ್ತ ಮಾಡುತ್ತ ಇಪ್ಪತ್ತೆರಡು ವರ್ಷ ಬದುಕಿ ಅವನು ಸತ್ತ.

ನಲವತ್ತೇಳು ವರ್ಷಗಳ ಮೇಲೆ ಒಂದು ಮಧ್ಯಾಹ್ನ ಅವನ ಮಗಳು ಗೌರಿ ಅಂಗಡಿಯ ಮೆಟ್ಟಿಲು ಹತ್ತಿದಳು. ಅರಣ್ಯ ಹಕ್ಕಿನ ಸಮಿತಿಯವರು ಪಂಚಾಯಿತಿಯಲ್ಲಿ ಸಭೆ ಮಾಡುತ್ತಿದ್ದಾರೆ, ಹಳೆಯ ದಾಖಲೆ ಕೇಳುತ್ತಿದ್ದಾರೆ. “ನಿಮ್ಮ ಕೈಲೇ ಅರ್ಜಿ ಕೊಟ್ಟಿದ್ದು ಅಂತ ಅಪ್ಪ ಸಾಯೋ ತನಕ ಹೇಳ್ತಿದ್ರು, ರಾಯರೇ. ಕಚೇರಿಯಲ್ಲಿ ಕಳೆದಿದಾರೆ. ನೀವು ಬಂದು ಅಷ್ಟು ಹೇಳಿದ್ರೆ ಸಾಕು.”

ಅವಳು ಹೋದ ಮೇಲೆ ರಾಯರು ಅಂಗಡಿಯ ಬಾಗಿಲು ಎಳೆದುಕೊಂಡು ಕೊಳಗದ ತಳದ ರಟ್ಟನ್ನು ಎತ್ತಿದರು. ಚೀಟಿ ಇತ್ತು. ಅರ್ಜಿಯ ಮಡಿಕೆಗಳು ಹರಿದು ನಾಲ್ಕು ತುಂಡಾಗಿತ್ತು. ಸೋಮವಾರ ಅವರು ಕೊಳಗವನ್ನು ಕಂಕುಳಲ್ಲಿ ಇಟ್ಟುಕೊಂಡು ಪಂಚಾಯಿತಿಯ ಮೆಟ್ಟಿಲು ಹತ್ತಿ, ಊರವರೆಲ್ಲ ಕುಳಿತಿದ್ದ ಸಭೆಯಲ್ಲಿ, “ಕಚೇರಿಯಲ್ಲಿ ಕಳೆಯಲಿಲ್ಲ. ನಾನು ಕೊಡಲೇ ಇಲ್ಲ” ಎಂದರು.

ಸಂಜೆ ಗೌರಿಯ ಮನೆಯ ಜಗಲಿಯಲ್ಲಿ ಅವರು ತಲೆ ತಗ್ಗಿಸಿ ಕುಳಿತಾಗ, ಅವಳು ಮಾತಾಡದೆ ಒಳಗೆ ಹೋಗಿ ಒಂದು ಚೊಂಬು ನೀರು, ಒಂದು ಉಂಡೆ ಬೆಲ್ಲ ತಂದಿಟ್ಟಳು. ರಾಯರು ಬೆಲ್ಲವನ್ನು ಬಾಯಿಗಿಟ್ಟುಕೊಂಡರು. ನಲವತ್ತೇಳು ವರ್ಷಗಳ ಭಾರ ನಾಲಿಗೆಯ ಮೇಲೆ ಕರಗಿತು.

ಇಷ್ಟು ಕಥೆ.

ಸಂಜೆಯ ಓದು ಬರೆದದ್ದು:

ಒಂದೇ ಉಸಿರಿಗೆ ಓದಿದೆ. ಸಂತೆಯ ದಿನ ತಿಮ್ಮಣ್ಣ ರಾಯರನ್ನೇ ಸಮಾಧಾನ ಮಾಡುವ ಜಾಗದಲ್ಲಿ ಓದು ನಿಲ್ಲಿಸಿ ಎದ್ದು ಓಡಾಡಿ ಬಂದೆ. ಮೋಸಹೋದವನು ಮೋಸ ಮಾಡಿದವನಿಗೆ ಧೈರ್ಯ ಹೇಳುವುದಕ್ಕಿಂತ ದೊಡ್ಡ ಶಿಕ್ಷೆ ಯಾವುದೂ ಇರಲಾರದು. ಅದನ್ನು ನೀವು ವಿವರಿಸಲು ಹೋಗದೆ ಬಿಟ್ಟದ್ದು ಕಥೆಯ ಶಕ್ತಿ.

ಆದರೆ ಕೊನೆಯ ಎರಡು ವಾಕ್ಯಗಳು ಬೇರೆ ಯಾರೋ ಬರೆದಂತಿವೆ. ಭಾರ ಕರಗಿತು ಎಂದು ಹೇಳುವವರು ಯಾರು? ರಾಯರೇ? ಹಾಗಿದ್ದರೆ ಅವರು ಇನ್ನೂ ತಮ್ಮ ನೆಮ್ಮದಿಯನ್ನೇ ಯೋಚಿಸುತ್ತಿದ್ದಾರೆ. ಕಥೆ ಹೇಳುವವರೇ? ಹಾಗಿದ್ದರೆ ಗೌರಿಯ ಪರವಾಗಿ ನೀವು ಕ್ಷಮೆ ಕೊಟ್ಟುಬಿಟ್ಟಿದ್ದೀರಿ. ಅವಳ ಬಾಯಿಂದ ಸಭೆಯಲ್ಲಾಗಲಿ ಜಗಲಿಯಲ್ಲಾಗಲಿ ಒಂದು ಮಾತೂ ಬರುವುದಿಲ್ಲ. ಅಪ್ಪ ಸತ್ತದ್ದು ಕಾಗದಕ್ಕೆ ಕಾಯುತ್ತ, ತಾನು ಬೆಳೆದದ್ದು ಯಾವಾಗ ಎಬ್ಬಿಸುತ್ತಾರೋ ಎಂಬ ಹೆದರಿಕೆಯಲ್ಲಿ. ಒಂದು ಚೀಟಿ ಹೊರಗೆ ಬಂದ ಸಂಜೆಗೇ ಆ ಹೆಣ್ಣುಮಗಳು ಬೆಲ್ಲ ಕೊಟ್ಟು ಕ್ಷಮಿಸಿದಳೆಂದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಕಳೆದುಕೊಂಡದ್ದಕ್ಕೆ ನಲವತ್ತೇಳು ವರ್ಷ ಕೊಟ್ಟ ಕಥೆ ಬಿಡುಗಡೆಗೆ ಕೊಟ್ಟದ್ದು ಒಂದು ಉಂಡೆ ಬೆಲ್ಲ ಕರಗುವಷ್ಟು ಹೊತ್ತು.

ಮುಳುಗಡೆಯವನು ಬರೆದದ್ದು:

ನನ್ನ ತಂದೆ ತಾಯಿ ಆ ಲಾರಿಗಳಲ್ಲಿ ಬಂದವರು. ನಾನು ಹುಟ್ಟಿದ್ದು ಇಲ್ಲಿಯ ಕಾಡಿನಲ್ಲಿ ಹಾಕಿದ ಮೊದಲ ಸೋಗೆಯ ಮನೆಯಲ್ಲಿ. ಆದ್ದರಿಂದ ಕಥೆಯಾಗಿ ಮಾತ್ರ ಇದನ್ನು ಓದಲು ನನ್ನಿಂದಾಗದು, ಕ್ಷಮಿಸಬೇಕು.

ಮೊದಲು ಬೆಲ್ಲದ ಮಾತು. ನಮ್ಮ ಕಡೆ ಮನೆಗೆ ಯಾರೇ ಬಂದರೂ ಬಾಯಾರಿಕೆಗೆ ಬೆಲ್ಲ, ನೀರು ಇಡುತ್ತೇವೆ. ಅದರಲ್ಲಿ ಪ್ರೀತಿಯೂ ಇರಬೇಕಾಗಿಲ್ಲ, ಕ್ಷಮೆಯೂ ಇರಬೇಕಾಗಿಲ್ಲ. ಬಿಸಿಲಲ್ಲಿ ನಡೆದು ಬಂದವರ ಗಂಟಲು ಒಣಗಿರುತ್ತದೆ, ಅಷ್ಟೇ. ನಾನು ಸಣ್ಣವನಿದ್ದಾಗ ಜಾಗ ಬಿಡಿ ಎಂದು ಹೇಳಲು ಬಂದವರಿಗೂ ನನ್ನ ತಾಯಿ ಮೊದಲು ಬೆಲ್ಲ ನೀರು ಇಟ್ಟು, ಆಮೇಲೆ ಬಾಗಿಲಿಗೆ ಅಡ್ಡ ನಿಂತು, “ಬಿಡುವುದಿಲ್ಲ” ಎಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಗೌರಿ ಚೊಂಬು ತಂದಿಟ್ಟದ್ದು ಸರಿಯಾಗಿದೆ. ರಾಯರು ಅದನ್ನು ಕ್ಷಮೆ ಎಂದು ತಿಳಿದದ್ದು ರಾಯರ ತಪ್ಪು. ಅವರ ಜೊತೆಗೆ ಕಥೆಯೂ ಹಾಗೆಯೇ ತಿಳಿದದ್ದು ಕಥೆಯ ತಪ್ಪು.

ಎರಡನೆಯದು ಕಾಗದದ ಮಾತು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ರಾಯರು ಹಿಂದಿರುಗಿಸಿದ್ದು ಏನನ್ನು ಎಂಬುದು ಇದರಿಂದಲೇ ತಿಳಿಯುತ್ತದೆ. ನಮ್ಮನ್ನು ಇಳಿಸಿದ ಜಾಗಗಳಲ್ಲಿ ಬಹಳಷ್ಟು ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿದವು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅಂಥ ಭೂಮಿಯನ್ನು ಬಿಡಿಸಿಕೊಡಲು ಕೇಂದ್ರ ಸರ್ಕಾರದ ಒಪ್ಪಿಗೆ ಬೇಕಾಯಿತು, ಹಕ್ಕುಪತ್ರದ ದಾರಿ ಇನ್ನೂ ಬಿಗಿಯಾಯಿತು. ನಿಮ್ಮ ಕಥೆಯ ಸಭೆ 2006ರ ಅರಣ್ಯ ಹಕ್ಕು ಕಾಯ್ದೆಯದು. ಅದರಲ್ಲಿ ಬುಡಕಟ್ಟಿನವರಲ್ಲದ ಅರ್ಜಿದಾರರು ಮೂರು ತಲೆಮಾರು, ಅಂದರೆ 75 ವರ್ಷ ಅರಣ್ಯದಲ್ಲಿ ವಾಸವಿದ್ದು ಅದನ್ನು ನೆಚ್ಚಿಕೊಂಡು ಬದುಕಿದ್ದನ್ನು ತೋರಿಸಬೇಕು. 1964ರಲ್ಲಿ ಬಂದವರು 75 ವರ್ಷವನ್ನು ಎಲ್ಲಿಂದ ತರುವುದು? ಊರ ಹಿರಿಯರ ಹೇಳಿಕೆಯನ್ನು ಬರೆದುಕೊಂಡು ಸಾಕ್ಷ್ಯವಾಗಿ ಸ್ವೀಕರಿಸಲು ನಿಯಮದಲ್ಲಿ ಅವಕಾಶವಿದೆ, ಆ ಮಟ್ಟಿಗೆ ರಾಯರು ಸಭೆಗೆ ಹೋದದ್ದು ಸರಿ. ಆದರೆ ಆ ಹೇಳಿಕೆಯಿಂದ ಗೌರಿಗೆ ಭೂಮಿ ಸಿಗುತ್ತದೆ ಎಂದು ಓದುಗರು ನಂಬಿದರೆ ಅದು ಸುಳ್ಳು ಸಮಾಧಾನ.

ಹಾಗಾದರೆ ಆ ಚೀಟಿಯಿಂದ ಏನೂ ಆಗುವುದಿಲ್ಲವೇ? ಆಗುತ್ತದೆ. ನಮ್ಮನ್ನು ಕಾಗದಗಳಲ್ಲಿ ಕರೆಯುತ್ತಿದ್ದದ್ದು ಒತ್ತುವರಿದಾರರು ಎಂದು. ನಾಡಿಗೆಲ್ಲ ಕರೆಂಟು ಕೊಡಲು ಮನೆ ಬಿಟ್ಟವರಿಗೆ ಒತ್ತುವರಿದಾರರು ಎಂಬ ಹೆಸರು. ನನ್ನ ತಂದೆಗೆ ಭೂಮಿ ಸಿಗದ ದುಃಖಕ್ಕಿಂತ ಆ ಶಬ್ದದ ದುಃಖ ದೊಡ್ಡದಾಗಿತ್ತು. ಮುಳುಗಿದ ಊರಿನ ಹೆಸರು, ಗದ್ದೆಯ ಸರ್ವೆ ನಂಬರು, ತಿಮ್ಮಣ್ಣನ ಹೆಬ್ಬೆಟ್ಟು ಇರುವ ಒಂದು ಚೀಟಿ, ನಾವು ಎಲ್ಲಿಂದಲೋ ಬಂದು ಕಾಡು ಕಡಿದವರಲ್ಲ, ನಮಗೊಂದು ಊರಿತ್ತು ಎಂದು ಹೇಳುತ್ತದೆ. ಗೌರಿಗೆ ಮರಳಿ ಸಿಕ್ಕದ್ದು ಅದು. ದಯವಿಟ್ಟು ಕಥೆಯಲ್ಲಿ ಅದನ್ನು ಬರೆಯಿರಿ.

ನಿವೃತ್ತ ಮೇಷ್ಟ್ರು ಬರೆದದ್ದು:

ಮೇಲಿನವರ ಮಾತು ಓದಿದ ಮೇಲೆ ಒಂದು ವಿಷಯ ಹೊಳೆಯಿತು. ಇಂಥ ಕಥೆಗಳ ಕೊನೆಯನ್ನು ಹೇಳಲು ನಾವು ವಿಮೋಚನೆ ಎಂಬ ಪದವನ್ನು ಬಳಸುತ್ತೇವೆ. ಆ ಪದದಲ್ಲಿ ಬಿಡಿಸುವವನೊಬ್ಬ ಮೇಲೆ ಇದ್ದಾನೆ, ಬಿಡಿಸಿಕೊಳ್ಳುವವನು ಕೆಳಗಿದ್ದಾನೆ, ನೊಂದವರು ಎಲ್ಲೂ ಇಲ್ಲ. ಪ್ರಾಯಶ್ಚಿತ್ತದಲ್ಲೂ ಹಾಗೆಯೇ. ಪುರೋಹಿತರು, ಹೋಮ, ದಾನ ಇದ್ದರಾಯಿತು. ಯಾರಿಗೆ ಕೇಡಾಯಿತೋ ಅವರು ಆ ದಿನ ಊರಿನಲ್ಲಿ ಇಲ್ಲದಿದ್ದರೂ ಪ್ರಾಯಶ್ಚಿತ್ತ ನಡೆದುಹೋಗುತ್ತದೆ.

ಮಲೆನಾಡಿನಲ್ಲಿ, ಕರಾವಳಿಯಲ್ಲಿ ತಪ್ಪುಕಾಣಿಕೆ ಎಂಬುದೊಂದು ಇದೆ. ಹರಕೆ ಮರೆತಿದ್ದರೆ, ನಡೆಯಲ್ಲಿ ತಪ್ಪಿದ್ದರೆ, ದೇವರ ಮುಂದೆ ನಿಂತು ತಪ್ಪಾಯಿತೆಂದು ಹೇಳಿ ಕಾಣಿಕೆ ಇಡುವುದು. ಕಾಣಿಕೆ ಒಂದು ರೂಪಾಯಿಯಾದರೂ ನಡೆಯುತ್ತದೆ, ಬಾಯಿಬಿಟ್ಟು ಹೇಳದೆ ನಡೆಯುವುದಿಲ್ಲ. ರಾಯರು ಸಭೆಯಲ್ಲಿ ಮಾಡಿದ್ದು ಇದಕ್ಕೆ ಹತ್ತಿರ. ಆದರೂ ಈ ಕಥೆಗೆ ಸರಿಹೊಂದುವ ಮಾತು ಋಣ ಎಂದು ನನಗನ್ನಿಸುತ್ತದೆ. ಋಣಕ್ಕೆ ಇಬ್ಬರು ಬೇಕು. ಕೊಟ್ಟವನು ಸತ್ತರೆ ಅವನ ಮಕ್ಕಳಿಗೆ ತೀರಿಸಬೇಕು, ಪಡೆದವನು ಸತ್ತರೆ ಅವನ ಮಕ್ಕಳು ತೀರಿಸಬೇಕು. ತೀರಿಸಿದವನನ್ನು ಸಾಲ ಕೊಟ್ಟವನು ಪ್ರೀತಿಸಬೇಕೆಂಬ ನಿಯಮವಿಲ್ಲ. ಲೆಕ್ಕ ಚುಕ್ತವಾಯಿತೋ ಇಲ್ಲವೋ, ಅಷ್ಟೇ ಪ್ರಶ್ನೆ. ಆದ್ದರಿಂದ ಗೌರಿ ಕ್ಷಮಿಸಿದಳೇ ಇಲ್ಲವೇ ಎಂಬುದನ್ನು ಕಥೆ ತೀರ್ಮಾನಿಸಬೇಕಾಗಿಲ್ಲ. ರಾಯರು ತೀರಿಸಿದರೇ, ಎಷ್ಟು ತೀರಿಸಿದರು, ಇನ್ನೆಷ್ಟು ಬಾಕಿ ಎಂಬುದನ್ನು ಕಥೆ ತೋರಿಸಿದರೆ ಸಾಕು.

ಇನ್ನೊಂದು ಸಣ್ಣ ಮಾತು. ‘ಮನೆಗೆ ಬರುವ ನೆಂಟನಂತೆ’ ನೀರು ಬಂತು ಎಂದಿದ್ದೀರಿ. ಬಹಳ ಚೆನ್ನಾಗಿದೆ, ಅದನ್ನು ತೆಗೆಯಬೇಡಿ.

ಹಳೇಪೇಟೆ ಬರೆದದ್ದು:

ನಾನು ಬಾಗಲಕೋಟೆಯವನು. ಆಲಮಟ್ಟಿಯ ಹಿನ್ನೀರಿಗೆ ನಮ್ಮ ಹಳೆಯ ಪೇಟೆಯ ಭಾಗಗಳು ಹೋಗಿ ನವನಗರ ಎದ್ದಿತು. ನಮ್ಮಲ್ಲಿ ಎಲ್ಲರೂ ಕಳೆದುಕೊಂಡದ್ದು ಮನೆ, ಓಣಿ, ಅಂಗಡಿಸಾಲು. ಆದರೆ ಕಳೆದುಕೊಂಡದ್ದರ ಬೆಲೆ ಎಲ್ಲರಿಗೂ ಒಂದೇ ಆಗಿರಲಿಲ್ಲ. ಸ್ವಂತ ಮನೆಯಿದ್ದವರ ದುಃಖಕ್ಕೆ ಅಳತೆಯಿತ್ತು, ಬಾಡಿಗೆಗಿದ್ದವರ ದುಃಖಕ್ಕೆ ಅಳತೆಪಟ್ಟಿಯೇ ಇರಲಿಲ್ಲ. ನಿಮ್ಮ ತಿಮ್ಮಣ್ಣ ಶರಾವತಿಯ ದಂಡೆಯವನಾದರೂ ಅವನನ್ನು ನಾನು ನಮ್ಮ ಓಣಿಯಲ್ಲಿ ನೋಡಿದ್ದೇನೆ. ಊರು ಮುಳುಗಿತು ಎಂದು ಒಟ್ಟಾಗಿ ಹೇಳುವಾಗ ಈ ವ್ಯತ್ಯಾಸ ನೀರಿನ ಕೆಳಗೇ ಉಳಿದುಬಿಡುತ್ತದೆ.

ಹೊಳೆದಂಡೆ ಬರೆದದ್ದು:

ಬೆಲ್ಲದ ವಿಷಯವನ್ನು ಒಪ್ಪಿಕೊಂಡೆ. ಅದು ನಮ್ಮ ಮನೆಯಲ್ಲೂ ಇರುವ ಪದ್ಧತಿ. ಗೊತ್ತಿದ್ದೂ ಅದನ್ನು ಕ್ಷಮೆಯ ಗುರುತಾಗಿ ಬಳಸಿಕೊಂಡೆ. ಕಾಗದದ ಬಗ್ಗೆ ಹೇಳಿದ್ದಕ್ಕೆ ಮುಳುಗಡೆಯವನು ಅವರಿಗೆ ಕೃತಜ್ಞಳಾಗಿದ್ದೇನೆ. ಆದರೆ ರಾಯರ ಬಗ್ಗೆ ಒಂದು ಮಾತು ಹೇಳಬೇಕು. ಅವರು ಕೆಟ್ಟವರಲ್ಲ. ಹತ್ತೊಂಬತ್ತರ ಹುಡುಗ, ಮರೆತ, ಆಮೇಲೆ ಹೆದರಿದ. ಮರೆವಿನಿಂದ ಆದ ತಪ್ಪಿಗೆ ನಲವತ್ತೇಳು ವರ್ಷದ ಸಂಕಟವೇ ಸಾಕಷ್ಟು ದೊಡ್ಡ ಶಿಕ್ಷೆ ಎಂದು ನನಗೆ ಅನ್ನಿಸಿತ್ತು. ಅದಕ್ಕಾಗಿಯೇ ಕೊನೆಯಲ್ಲಿ ಅವರಿಗೆ ಸ್ವಲ್ಪ ನೆರಳು ಕೊಡಬೇಕೆನಿಸಿತು.

ಕಾಗೋಡು ದಾರಿ ಬರೆದದ್ದು:

ನಾನು ಇಷ್ಟು ಹೊತ್ತು ಸುಮ್ಮನಿದ್ದೆ. ‘ಮರೆತ’ ಎಂಬ ಮಾತು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ.

ನೀವು ಚೀಟಿಯನ್ನು ಇಟ್ಟದ್ದು ಕೊಳಗದಲ್ಲಿ. ಸಾಗರ ಸೀಮೆಯಲ್ಲಿ ಕೊಳಗ ಎಂದರೆ ಬರಿಯ ಪಾತ್ರೆಯಲ್ಲ. 1951ರ ಕಾಗೋಡು ಸತ್ಯಾಗ್ರಹ ಹೊತ್ತಿಕೊಂಡದ್ದೇ ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರದ ತಕರಾರಿನಿಂದ. ಒಡೆಯರು ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಾರೆ ಎಂದು ಗೇಣಿದಾರರು ಎದ್ದು ನಿಂತರು. ಶಾಲಾ ಮೇಷ್ಟ್ರಾಗಿದ್ದ ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ನಿಮ್ಮ ಕಥೆ ನಡೆಯುವುದು ಅದಾಗಿ ಹನ್ನೆರಡೇ ವರ್ಷಕ್ಕೆ, ಅದೇ ತಾಲ್ಲೂಕಿನಲ್ಲಿ. ಆ ಜಗಲಿಯಲ್ಲಿ ಕುಳಿತ ಎಲ್ಲರಿಗೂ, ಕೊಳಗದ ಬಾಯಿಗೆ ಹಿತ್ತಾಳೆಯ ಪಟ್ಟಿ ಬಡಿದು ಒಂದು ಬೆರಳು ಎತ್ತರಿಸಿದರೆ ವರ್ಷಕ್ಕೆ ಎಷ್ಟು ಭತ್ತ ಹೋಗುತ್ತದೆ ಎಂದು ಗೊತ್ತಿತ್ತು.

ಆದ್ದರಿಂದ ಕೇಳುತ್ತೇನೆ: ತಿಮ್ಮಣ್ಣನ ಅರ್ಜಿ ಹೋಗದಿದ್ದರೆ ಲಾಭ ಯಾರಿಗೆ? ಗೇಣಿದಾರನೊಬ್ಬ ಚೀಟಿ ಹಿಡಿದು ನಾನೂ ಇದ್ದೆ ಎಂದರೆ, ಆ ಗದ್ದೆಯ ಪರಿಹಾರ ಒಡೆಯನಿಗೆ ಪೂರ್ತಿ ನಿರಾತಂಕವಾಗಿ ಬರುವುದಿಲ್ಲ. ಕಚೇರಿ ಮುಚ್ಚಿತ್ತು, ಅಕ್ಕನ ಮದುವೆ ಬಂತು, ಮಳೆ ಹಿಡಿಯಿತು ಎಂಬ ಮೂರು ಕಾರಣಗಳನ್ನು ನೀವು ಸಾಲಾಗಿ ಕೊಟ್ಟಿರುವುದರಿಂದಲೇ ನನಗೆ ಅನುಮಾನ ಬಂದದ್ದು. ಬೇರೆ ಹತ್ತು ಮಂದಿಯ ಅರ್ಜಿ ಅದೇ ಮಳೆಯಲ್ಲಿ ಹೋಗಿ ತಲುಪಿತಲ್ಲ.

ಇನ್ನೂ ಒಂದಿದೆ. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ಹೋಯಿತು, ಉಳುವವನೇ ಒಡೆಯನಾದ. ನಮ್ಮ ಅಜ್ಜ ಗೇಣಿಯ ಗದ್ದೆ ತನಗೆ ಸೇರಬೇಕೆಂದು ಡಿಕ್ಲರೇಷನ್ ಹಾಕಿ ಭೂನ್ಯಾಯ ಮಂಡಳಿಯಲ್ಲಿ ಗೆದ್ದು ಮೂರು ಎಕರೆಗೆ ಹಕ್ಕುದಾರನಾದ. ತಿಮ್ಮಣ್ಣ ಯಾವ ಗದ್ದೆಗೆ ಡಿಕ್ಲರೇಷನ್ ಹಾಕಬೇಕಿತ್ತು? ಅವನ ಗದ್ದೆ ಹತ್ತು ವರ್ಷದಿಂದ ನೀರಿನ ಕೆಳಗಿತ್ತು. ಅಂದರೆ ಅವನಿಗಿದ್ದದ್ದು 1963ರ ಆ ಒಂದೇ ಅವಕಾಶ, ಅದು ಆ ಕೊಳಗದಲ್ಲಿತ್ತು. ಇದನ್ನು ಮರೆವು ಎಂದು ಬರೆದರೆ ರಾಯರ ಬಿಡುಗಡೆಯೂ ಹಗುರವಾಗುತ್ತದೆ. ಸಣ್ಣ ತಪ್ಪನ್ನು ದೊಡ್ಡದಾಗಿ ಒಪ್ಪಿಕೊಂಡವರ ಕಥೆಗಳು ನಮ್ಮಲ್ಲಿ ಬಹಳ ಇವೆ, ದೊಡ್ಡ ತಪ್ಪನ್ನು ಅದರ ಅಳತೆಗೇ ಸರಿಯಾಗಿ ಒಪ್ಪಿಕೊಂಡವರದು ಕಡಿಮೆ.

ಸಂಜೆಯ ಓದು ಬರೆದದ್ದು:

ಮೇಲಿನ ಮಾತನ್ನು ಮೂರು ಸಲ ಓದಿದೆ. ಇನ್ನು ನನಗೆ ಹೇಳುವುದು ಉಳಿದಿಲ್ಲ. ಹೊಳೆದಂಡೆ ಅವರೇ, ನೀವು ಬೇಜಾರು ಮಾಡಿಕೊಂಡಿಲ್ಲ ತಾನೇ?

ಹೊಳೆದಂಡೆ ಬರೆದದ್ದು:

ನಾಲ್ಕು ದಿನ ಇಲ್ಲಿಗೆ ಬರಲಿಲ್ಲ. ಬೇಜಾರಿನಿಂದ ಅಲ್ಲ.

ನಿಮಗೆ ಹೇಳದೆ ಇಟ್ಟಿದ್ದ ಒಂದು ವಿಷಯವಿದೆ. ನಮ್ಮ ತಾಯಿಯ ತವರುಮನೆಯ ಅಟ್ಟದಲ್ಲಿ ಒಂದು ಕೊಳಗವಿತ್ತು. ಅಜ್ಜ ತೀರಿಕೊಂಡ ಮೇಲೆ ಅಟ್ಟ ಬರಿದು ಮಾಡುವಾಗ ಅದರಲ್ಲಿ ಕೆಂಪು ವಸ್ತ್ರದ ತುಂಡಿನಲ್ಲಿ ಸುತ್ತಿದ ಮೂರು ಗೇಣಿ ಚೀಟಿಗಳು ಸಿಕ್ಕವು. ಮೂರೂ ಮುಳುಗಿದ ಒಂದೇ ಊರಿನವು. ಒಂದರ ಹಿಂಬದಿಯಲ್ಲಿ ಹೆಬ್ಬೆಟ್ಟಿನ ಗುರುತಿದೆ. ಶಾಯಿ ಕಂದಿದ್ದರೂ ಬೆರಳಿನ ಗೆರೆಗಳು, ನಡುವೆ ಅಡ್ಡಲಾಗಿ ಒಂದು ಹಳೆಯ ಗಾಯದ ಗೀರು, ಈಗಲೂ ಎಣಿಸುವಷ್ಟು ಸ್ಪಷ್ಟವಾಗಿವೆ. ಕತ್ತಿಯಿಂದಾದ ಗಾಯವಿರಬೇಕು. ಅಜ್ಜ ಊರವರಿಗೆಲ್ಲ ಅರ್ಜಿ ಬರೆದುಕೊಡುತ್ತಿದ್ದರು ಎಂದು ನಾವು ಹೆಮ್ಮೆಯಿಂದ ಹೇಳಿಕೊಂಡು ಬೆಳೆದವರು. ಆ ಚೀಟಿಗಳು ಅಲ್ಲಿ ಏಕಿದ್ದವು ಎಂದು ಮನೆಯಲ್ಲಿ ಕೇಳಿದಾಗ ಮಾವ, “ಕೊಡೋಕೆ ಮರ್ತಿರ್ಬೇಕು” ಎಂದರು. ನಾನೂ ಅದನ್ನೇ ಹಿಡಿದುಕೊಂಡೆ. ಕಥೆ ಬರೆಯಲು ಕೂತಾಗ ಮೂರು ಕಾರಣಗಳನ್ನು ಸಾಲಾಗಿ ಜೋಡಿಸಿದ್ದು ರಾಯರಿಗಾಗಿ ಅಲ್ಲ, ನಮ್ಮ ಅಜ್ಜನಿಗಾಗಿ. ಕಾಗೋಡು ದಾರಿ ಅವರು ಅದನ್ನು ಎರಡೇ ಸಾಲಿನಲ್ಲಿ ಹಿಡಿದರು.

ಆ ಭಾಗವನ್ನು ಈಗ ಹೀಗೆ ಬರೆದಿದ್ದೇನೆ.

ಸಾಗರಕ್ಕೆ ಹೊರಟ ಬೆಳಿಗ್ಗೆ ಅಪ್ಪ ಜಗಲಿಯಲ್ಲಿ ಕೂತು ಎಲೆಯಡಿಕೆಯ ಕವಳ ಹಾಕುತ್ತಿದ್ದರು. ಹುಡುಗನ ಕೈಯ ಕಾಗದಗಳನ್ನು ತೆಗೆದುಕೊಂಡು ಒಂದೊಂದಾಗಿ ನೋಡಿ, ತಿಮ್ಮಣ್ಣನದನ್ನು ಬೇರೆ ಇಟ್ಟರು. “ಇದು ಇರಲಿ. ಗದ್ದೆ ಹೆಗಡೇರದು, ಅವರಿಗೆ ತೊಂದರೆ ಆಗ್ತದೆ” ಎಂದರು. ಅವರ ದನಿ ಎತ್ತರವಾಗಿರಲಿಲ್ಲ, ಸಿಟ್ಟೂ ಇರಲಿಲ್ಲ. ಹುಡುಗ ಒಂದು ಗಳಿಗೆ ನಿಂತ. ಆಮೇಲೆ ಆ ಕಾಗದವನ್ನು ತಾನೇ ಒಳಗೆ ಒಯ್ದು ಕೊಳಗದಲ್ಲಿಟ್ಟು, ಉಳಿದವನ್ನು ಚೀಲಕ್ಕೆ ಹಾಕಿಕೊಂಡು ದೋಣಿಗೆ ನಡೆದ.

ಸಭೆಯ ಭಾಗ ಹೀಗಾಗಿದೆ.

“ಕಚೇರಿಯಲ್ಲಿ ಕಳೆಯಲಿಲ್ಲ. ನಾನು ಕೊಡಲೇ ಇಲ್ಲ” ಎಂದರು ರಾಯರು. ಯಾರೋ ಹಿಂದಿನಿಂದ, “ವಯಸ್ಸಾಯ್ತು, ಮರ್ತಿರ್ತಾರೆ ಬಿಡಿ” ಎಂದರು. “ಮರೆಯಲಿಲ್ಲ” ಎಂದರು ರಾಯರು. “ಕೊಡಬೇಡ ಅಂದರು, ಕೊಡಲಿಲ್ಲ. ಆ ಗದ್ದೆಯ ದುಡ್ಡು ಒಡೆಯರಿಗೆ ಪೂರ್ತಿ ಹೋಯಿತು. ಬರೆದುಕೊಳ್ಳಿ.” ಕಾರ್ಯದರ್ಶಿ ಬರೆದುಕೊಂಡು ಓದಿ ಹೇಳಿದ. ರಾಯರು ಸಹಿ ಹಾಕಿದರು. ಗೌರಿ ಎದ್ದು ಬಂದು ಮೇಜಿನ ಮೇಲಿದ್ದ ಚೀಟಿಯನ್ನು ಎತ್ತಿಕೊಂಡು, ಊರಿನ ಹೆಸರಿದ್ದ ಸಾಲಿನ ಮೇಲೆ ಬೆರಳಿಟ್ಟು, ಪಕ್ಕದಲ್ಲಿದ್ದ ಮೊಮ್ಮಗಳಿಗೆ, “ಓದು” ಎಂದಳು. ಹುಡುಗಿ ಗಟ್ಟಿಯಾಗಿ ಓದಿದಳು. ಗೌರಿ ಇನ್ನೊಮ್ಮೆ ಓದಿಸಿದಳು. ರಾಯರ ಕಡೆಗೆ ತಿರುಗಲಿಲ್ಲ.

ಜಗಲಿಯ ದೃಶ್ಯವನ್ನು ತೆಗೆದುಬಿಟ್ಟಿದ್ದೇನೆ.

ಈಗ ಕಥೆಯ ಹೊರಗಿನ ಮಾತು. ಮುಳುಗಡೆಯವನು ಅವರೇ, ಆ ಮೂರು ಚೀಟಿಗಳಲ್ಲಿರುವ ಊರಿನ ಹೆಸರನ್ನೂ ಜನರ ಹೆಸರುಗಳನ್ನೂ ಇಲ್ಲಿ ಬಹಿರಂಗವಾಗಿ ಬರೆಯುವುದು ಸರಿಯಲ್ಲ. ನಿಮಗೆ ಖಾಸಗಿಯಾಗಿ ಕಳುಹಿಸಿದ್ದೇನೆ. ಅವರ ಮನೆಯವರು ಯಾರಾದರೂ ಎಲ್ಲಿದ್ದಾರೆಂದು ನಿಮಗೆ ಗೊತ್ತಿದ್ದರೆ ತಿಳಿಸಬೇಕು. ಮಾವ ಬೇಡವೆಂದರು. ನಾನು ಬರುವುದೆಂದು ತೀರ್ಮಾನಿಸಿದ್ದೇನೆ.

ಮುಳುಗಡೆಯವನು ಬರೆದದ್ದು:

ನೀವು ಕಳುಹಿಸಿದ್ದು ಸಿಕ್ಕಿತು. ನಿನ್ನೆ ಸಂಜೆ ಇಬ್ಬರು ಹಿರಿಯರನ್ನು ಕೇಳಿದೆ. ಒಂದು ಹೆಸರಿನವರ ಸಂಸಾರ ಯಾವ ಕಡೆಗೆ ಹೋಯಿತೆಂದು ಯಾರಿಗೂ ತಿಳಿಯದು. ಇನ್ನೊಬ್ಬರಿಗೆ ಮಕ್ಕಳಿರಲಿಲ್ಲವಂತೆ. ಹೆಬ್ಬೆಟ್ಟಿನ ಚೀಟಿ ಯಾರದೆಂದಿರೋ ಅವರ ಕಿರಿಯ ಮಗ ನಮ್ಮಿಂದ ಎರಡು ಕಿಲೋಮೀಟರ್ ದೂರದ ಕೇರಿಯಲ್ಲಿದ್ದಾರೆ, ಎಪ್ಪತ್ತು ದಾಟಿದೆ. ತಂದೆಯ ಬಲಗೈ ಹೆಬ್ಬೆರಳಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಗಾಯವಿತ್ತು ಎಂದು ನಾನು ಕೇಳುವ ಮೊದಲೇ ಹೇಳಿದರು. ವಿಷಯ ತಿಳಿಸಿದ್ದೇನೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಬರಲಿ ಎಂದರು.

ಭಾನುವಾರ ಬನ್ನಿ. ಬೆಳಗಿನ ಬಸ್ಸಿಗೆ ಬಂದರೆ ನಾನು ಪೇಟೆಯಲ್ಲಿ ಕಾಯುತ್ತೇನೆ. ಜೆರಾಕ್ಸ್ ಬೇಡ, ಮೂಲ ಚೀಟಿಯನ್ನೇ ತನ್ನಿ.